ಹನ್ನೊಂದು ಬಾಯಿಯ ಎತ್ತು

ಕಂತು ಮೂರು

“ಮೇಡಮ್ಮಾರ, ಇನ್ನೊಂದ್ಸಲ ಎಣಿಸ್ಲೇನ್ರಿ?”

“ಬ್ಯಾಡೋ ಮಾರಾಯಾ. ಮೂರು ಸಲ ಆತು. ಹನ್ನೊಂದ ಅದಾವ.”

ಮಸ್ತಾನಸಾಬ ಎಣಿಸುತ್ತಿದ್ದದ್ದು ಬಾಯಿಗಳನ್ನು. ಪೇಡೆಯ ಡಬ್ಬಿಯೊಳಗೆ ಹತ್ತಿ ಹಾಸಿ ಸಾಲಾಗಿ ಮಲಗಿಸಿಟ್ಟ ಹನ್ನೊಂದು ಎತ್ತಿನ ಬಾಯಿಗಳು. ‘ಆ’ ಅನ್ನುವ ಬಾಯಿ ಒಂದು, ‘ಊ’ ಅನ್ನುವ ಬಾಯಿ ಒಂದು, ಮೇವು ಮೆಲ್ಲುವುದಕ್ಕೆ ಒಂದು, ಮುನಿಸಿಕೊಳ್ಳುವುದಕ್ಕೆ ಎರಡು. ಕೊನೆಯದು ನಗುವ ಬಾಯಿ. ಅದನ್ನು ಇನ್ನೂ ಒಮ್ಮೆಯೂ ಬಳಸಿರಲಿಲ್ಲ.

ಬಾಯಿಗಳೆಲ್ಲ ಇದ್ದವು. ಎತ್ತು ಇರಲಿಲ್ಲ.

ನಿನ್ನೆ, ಬುಧವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಶಹಾಪುರದ ಗೋಗಿ ರಸ್ತೆಯ ಈ ಹಳೆಯ ಹತ್ತಿ ಜಿನ್ನಿಂಗ್ ಗಿರಣಿಯ ಗೋದಾಮಿನಿಂದ ಸಪ್ನಾಳ ಸಿನಿಮಾದ ಹೀರೋ ಕಳುವಾಗಿದ್ದ. ಹೀರೋ ಅಂದರೆ ಗೇಣೆತ್ತರದ ಮಣ್ಣಿನ ಎತ್ತು, ಹೆಸರು ಗುಂಡಪ್ಪ.

ನಾನು ಗೊಲ್ಲಾಳಮ್ಮ. ಮೂವತ್ತೆರಡು ವರ್ಷ ಪೊಲೀಸು ಖಾತೆಯಲ್ಲಿ ಸವೆದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಈಗ ಯಾದಗಿರಿ ಸ್ಟೇಷನ್ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲೆ ನನ್ನದೊಂದು ಖಾಸಗಿ ಪತ್ತೇದಾರಿ ಕಚೇರಿ ಇದೆ. ಆರು ವರ್ಷದಿಂದ ಬರುವುದೆಲ್ಲ ಮದುವೆ ಗಂಡಿನ ವಿಚಾರಣೆಯೇ. ಹುಡುಗ ಕುಡಿಯುತ್ತಾನೋ, ನೌಕರಿ ಖರೇನೋ ಸುಳ್ಳೋ, ತಲೆಯ ಕೂದಲು ಸ್ವಂತದ್ದೋ ಅಲ್ಲವೋ. ಕಳ್ಳತನದ ಕೇಸು ಸಿಕ್ಕಿದ್ದು ಇದೇ ಮೊದಲು. ಅದೂ ಎತ್ತಿನದು, ಅದೂ ಗೇಣುದ್ದದ್ದು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಅಡ್ಡ ಬರಬೇಡಿ.

ಮಸ್ತಾನಸಾಬ ಗೋಗಿ–ಶಹಾಪುರ ದಾರಿಯಲ್ಲಿ ಸೀಟಿನ ಲೆಕ್ಕದ ಬಾಡಿಗೆ ಆಟೋ ಓಡಿಸುವವ. ಕೇಸಿದ್ದ ದಿನ ನನ್ನ ಸವಾರಿ ಅವನದೇ ಆಟೋದಲ್ಲಿ. ದಾರಿ ಕೇಳಿದರೆ ಹೇಳುವುದಿಲ್ಲ, ಸಲಹೆ ಮಾತ್ರ ಕೇಳದಿದ್ದರೂ ಕೊಡುತ್ತಾನೆ.

ಸಪ್ನಾ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದಳು. ಮೂವತ್ತರ ಹುಡುಗಿ. ಶಾಲೆಯ ಟೀಚರ್ ಕೆಲಸ ಬಿಟ್ಟು ಹದಿನಾಲ್ಕು ತಿಂಗಳಿಂದ ಇದೇ ಗೋದಾಮಿನಲ್ಲಿ ಸಿನಿಮಾ ಮಾಡುತ್ತಿದ್ದಾಳೆ. ಒಕ್ಕಲಿಗನೊಬ್ಬ ಸಂತೆಗೆ ಹೋದಾಗ ಅವನ ಮನೆಯ ಎತ್ತು, ಎಮ್ಮೆ, ಕತ್ತೆ, ಕೋಳಿ ಎಲ್ಲ ಸೇರಿ ಪಂಚಾಯ್ತಿ ಕೂಡಿಸಿ, ನಾಳೆಯಿಂದ ಯಾರು ಯಾರ ಕೆಲಸ ಮಾಡಬೇಕೆಂದು ಜಗಳಾಡುವ ಕಥೆ. ಕೋಳಿಗೆ ನೊಗ ಕಟ್ಟುವ ದೃಶ್ಯ ನೋಡಿ ನಾನು ನಕ್ಕ ನಗೆಗೆ ಪಕ್ಕೆ ಹಿಡಿದಿತ್ತು.

ಆದರೆ ಅದನ್ನು ಮಾಡುವ ರೀತಿ ನೋಡಿದರೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಬೇಕು, ಬೇಕಾದ ಬಾಯಿ ಬದಲಿಸಿ ಅಂಟಿಸಬೇಕು, ಫೋಟೋ ತೆಗೆಯಬೇಕು. ಮತ್ತೆ ಕೂದಲೆಳೆಯಷ್ಟು ಸರಿಸಬೇಕು, ಮತ್ತೆ ಫೋಟೋ. ಹೀಗೆ ಹನ್ನೆರಡು ಫೋಟೋ ತೆಗೆದರೆ ಸಿನಿಮಾದಲ್ಲಿ ಒಂದು ಸೆಕೆಂಡು. ದಿನವಿಡೀ ದುಡಿದರೆ ಐದು ಸೆಕೆಂಡು. ನಾನಾಗಿದ್ದರೆ ಎರಡನೇ ದಿನವೇ ಆ ಕೋಳಿಯನ್ನು ಗೋಡೆಗೆ ಬೀಸಿ ಮನೆಗೆ ಹೋಗುತ್ತಿದ್ದೆ.

ಉಳಿದಿರುವುದು ಒಂಬತ್ತೇ ಸೆಕೆಂಡು. ಸಿನಿಮಾದುದ್ದಕ್ಕೂ ನಗದ ಗುಂಡಪ್ಪ ಕೊನೆಗೆ ನಗಬೇಕು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಹೈದರಾಬಾದಿನ ಮಕ್ಕಳ ಸಿನಿಮಾ ಸ್ಪರ್ಧೆಗೆ ಅದು ತಲುಪಬೇಕು. ಒಮ್ಮೆ ಗಡುವು ಮುಂದೆ ಹಾಕಿ ಕೊಟ್ಟಿದ್ದಾರೆ, ಇನ್ನು ಕೊಡುವುದಿಲ್ಲ. ಇವತ್ತು ಗುರುವಾರ, ಆಗಲೇ ಹನ್ನೊಂದು ಗಂಟೆ.

“ಹದಿನಾಲ್ಕು ತಿಂಗಳು ನಮ್ಮಪ್ಪ ಒಂದು ಮಾತು ಅಂದಿಲ್ಲ ಅಕ್ಕಾರ,” ಎಂದಳು ಸಪ್ನಾ. “ಮಂದಿ ಏನೇನೋ ಅಂದ್ರು. ದೊಡ್ಡ ಹೆಣ್ಣುಮಗಳು ಗೊಂಬಿ ಜೋಡಿ ಆಡಾಕತ್ತಾಳ ಅಂದ್ರು. ಅಪ್ಪ ಸುಮ್ನಿದ್ದ. ಶನಿವಾರ ದಾಟಿತಂದ್ರ ಅವನೂ ಅಂತಾನ. ಅದನ್ನ ಕೇಳೋ ತಾಕತ್ತು ನನಗಿಲ್ಲ.”

ನನಗೆ ಅಳುವವರನ್ನು ಕಂಡರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಬೈಯುತ್ತೇನೆ. “ಅತ್ರ ಎತ್ತು ಬರ್ತದೇನು? ಮೂಗು ಒರಸ್ಕೋ ಮೊದಲ,” ಎಂದು ಗದರಿದೆ.

ಮೊದಲು ಮೌನೇಶನನ್ನು ಹಿಡಿದೆ. ಹೆಸರಷ್ಟೇ ಮೌನೇಶ. ಬಯಲಾಟದಲ್ಲಿ ಮೂವತ್ತು ವರ್ಷ ರಾಕ್ಷಸನ ಪಾತ್ರ ಮಾಡಿದ ಗಂಟಲು, ಉಸಿರೆಳೆದರೂ ಗೋದಾಮಿನ ತಗಡು ಅದುರುತ್ತದೆ. ಗುಂಡಪ್ಪನ ಧ್ವನಿ ಇವನದೇ. ಹೋದ ವಾರ ಸಪ್ನಾಳ ಜೊತೆ ದೊಡ್ಡ ಜಗಳ ಮಾಡಿದ್ದನಂತೆ, ಎತ್ತಿನ ನಾಲ್ಕು ನಿಮಿಷದ ಭಾಷಣವನ್ನು ಆಕೆ ಕತ್ತರಿಸಿ ಬರೀ ‘ಹೂಂ’ ಅನ್ನುವುದಷ್ಟನ್ನು ಉಳಿಸಿದ್ದಕ್ಕೆ.

“ಹೌದ್ರಿ, ಸಿಟ್ಟ್ ಅದ!” ಎಂದು ಮೌನೇಶ ಎದೆ ತಟ್ಟಿಕೊಂಡ. ತಗಡು ಅದುರಿತು. “ಇಡೀ ರಾತ್ರಿ ಮಾತಾಡಿದ ಗಂಟಲಾ ಇದು. ಇದಕ್ಕ ‘ಹೂಂ’ ಅಂತ ಕೊಟ್ಟಾರ! ಆದ್ರ ನಾ ಕದಿಯೋದಿದ್ರ ಬಾಯಿ ಕದೀತಿದ್ನಿ. ಬಾಯಿಲ್ಲದ ಎತ್ತು ತಗೊಂಡು ನಾ ಏನ್ ಮಾಡ್ಲಿ, ಹೊಲಾ ಹೂಡ್ಲ್ಯಾ?”

ಒಪ್ಪಬೇಕಾದ ಮಾತು. ಸಿನಿಮಾ ಗೊತ್ತಿದ್ದವನು ಕದ್ದರೆ ಬಾಯಿಯ ಡಬ್ಬಿಯನ್ನೂ ಒಯ್ಯುತ್ತಿದ್ದ. ಊಟಕ್ಕೆ ಏಳುವ ಮುಂಚೆ ಬಾಯಿ ಕಳಚಿಟ್ಟ ಆ ಡಬ್ಬಿ ಎತ್ತಿನ ಪಕ್ಕದಲ್ಲೇ ಇತ್ತು, ಮುಚ್ಚಳವೂ ತೆರೆದಿತ್ತು. ಒಯ್ದವನಿಗೆ ಬೇಕಾಗಿದ್ದದ್ದು ನಟನಲ್ಲ, ಎತ್ತು.

“ಕಾಂತೇಶ, ಬಾ ಇಲ್ಲಿ,” ಎಂದೆ.

ಗೊಂಬೆಗಳನ್ನು ಸರಿಸುವವನು ಕಾಂತೇಶ. ಮೊದಲು ಸೈದಾಪುರದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದನಂತೆ. ಮೂವತ್ತೈದರ ಹತ್ತಿರದ ಬಡಕಲು ಆಸಾಮಿ, ಮಾತಿಗಿಂತ ಉಗುರು ಕಚ್ಚುವುದು ಹೆಚ್ಚು. ಪ್ರತಿ ಫೋಟೋ ತೆಗೆದಾಗಲೂ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುವುದು ಇವನ ರೂಢಿ.

“ನಿನ್ನಿ ಊಟಕ್ಕ ಏಳೋ ಮುಂದ ಎಷ್ಟು ಫೋಟೋ ಆಗಿದ್ವು?”

“ಇಪ್ಪತ್ನಾಕು, ಮೇಡಂ.”

“ಕಂಪ್ಯೂಟರಿನಾಗ ಎಷ್ಟದಾವ?”

ಅವನು ನೋಡಿದ. ಮತ್ತೊಮ್ಮೆ ನೋಡಿದ. “ಇಪ್ಪತ್ತೈದು,” ಎಂದ.

ಎಲ್ಲರೂ ಪರದೆಯ ಮುಂದೆ ಮುಗಿಬಿದ್ದೆವು. ಇಪ್ಪತ್ತೈದನೆಯ ಫೋಟೋದಲ್ಲಿ ಎತ್ತು ನೆಲದಿಂದ ಮೇಲೆದ್ದಿತ್ತು. ಎರಡು ಕೈಗಳು ಅದನ್ನು ಎತ್ತುತ್ತಿದ್ದವು, ಅಲುಗಿ ಮಸುಕಾದ ಕೈಗಳು. ಉಂಗುರವಿತ್ತೋ ಇಲ್ಲವೋ ತಿಳಿಯದು. ಮೇಲಿನ ಅಂಚಿನಲ್ಲಿ ತಲೆಗೆ ಹೊದ್ದ ಬಿಳಿ ಟವೆಲ್ಲಿನ ತುದಿ. ಮುಖ ಕಾಣಿಸುತ್ತಿರಲಿಲ್ಲ.

“ಕಳ್ಳ ತನ್ನ ಫೋಟೋ ತಾನ ಹೊಡ್ಕೊಂಡಾನಲ್ರಿ!” ಎಂದ ಮಸ್ತಾನಸಾಬ.

“ಫೋಟೋ ತಗಿಯೋ ಬಟನ್ ಎಲ್ಲಿ ಅದ?” ಎಂದೆ.

ಕಾಂತೇಶ ತೋರಿಸಿದ. ಗೊಂಬೆಗಳ ಮೇಜಿಗೆ ತಾಗಿಸಿಟ್ಟ ಚಿಕ್ಕ ಮೇಜಿನ ಅಂಚಿನಲ್ಲಿತ್ತು. ಎತ್ತು ನಿಂತ ಜಾಗಕ್ಕೆ ಕೈ ಹಾಕಬೇಕಾದರೆ ಆ ಚಿಕ್ಕ ಮೇಜಿನ ಮೇಲೆ ಬಾಗಲೇಬೇಕು. ಕಾಂತೇಶನನ್ನು ಬಾಗಲು ಹೇಳಿದೆ, ಏನೂ ಆಗಲಿಲ್ಲ. ಮೌನೇಶನನ್ನು ಬಾಗಿಸಿದೆ. ಗಂಟಲು ದೊಡ್ಡದಿದ್ದರೂ ಮೈ ಒಣಕಲು, ಏನೂ ಆಗಲಿಲ್ಲ. ಆಮೇಲೆ ನಾನೇ ಬಾಗಿದೆ.

ಟಕ್ ಎಂದಿತು. ನನ್ನ ಹೊಟ್ಟೆ ಬಟನ್ ಒತ್ತಿತ್ತು.

“ಇಪ್ಪತ್ತಾರು,” ಎಂದ ಕಾಂತೇಶ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತ.

“ಕಳ್ಳ ಬರೋಬ್ಬರಿ ನಿಮ್ಮಷ್ಟ ದಪ್ಪ ಅದಾನ್ರಿ ಮೇಡಮ್ಮಾರ!” ಎಂದು ಮಸ್ತಾನಸಾಬ ಖುಷಿಪಟ್ಟ.

“ಬಾಯಿ ಮುಚ್ಚೋ.”

“ಯಾವ ಬಾಯಿರಿ? ಹನ್ನೊಂದ ಅದಾವಲ್ಲ.”

ಅವನನ್ನು ಆಮೇಲೆ ವಿಚಾರಿಸಿಕೊಳ್ಳೋಣ ಅಂದುಕೊಂಡು ಮತ್ತೆ ಫೋಟೋ ನೋಡಿದೆ. ಎತ್ತಿನ ಹೊಟ್ಟೆಯ ಕೆಳಗೆ, ಅಂಗೈ ಮೇಲೆ, ಹಸಿರಾಗಿ ಏನೋ ಇತ್ತು. ದೊಡ್ಡದು ಮಾಡಿಸಿದೆ. ವೀಳ್ಯದೆಲೆ.

ಮೂವತ್ತೆರಡು ವರ್ಷದಲ್ಲಿ ನಾನು ನೋಡದ ಕಳ್ಳರಿಲ್ಲ. ಗೋಣಿಚೀಲ ತಂದವರನ್ನು ನೋಡಿದ್ದೇನೆ, ಹೆಂಡತಿಯನ್ನು ಕರೆತಂದವರನ್ನು ನೋಡಿದ್ದೇನೆ, ಸುರಪುರದಲ್ಲಿ ಒಬ್ಬ ಕದಿಯಲು ಹೋದ ಮನೆಯಲ್ಲಿ ಚಹಾ ಮಾಡಿಕೊಂಡು ಕುಡಿದಿದ್ದ. ಆದರೆ ತಲೆಯ ಮೇಲೆ ಟವೆಲ್ ಹೊದ್ದು, ಕೈಯಲ್ಲಿ ಎಲೆ ಹಿಡಿದು, ಎರಡೂ ಕೈ ಜೋಡಿಸಿ ಮಾಲು ಎತ್ತಿಕೊಂಡು ಹೋಗುವವನನ್ನು ಎಂದೂ ನೋಡಿರಲಿಲ್ಲ.

“ನಿನ್ನಿ ಏನಿತ್ತೋ ಮಸ್ತಾನ?”

“ಬುಧವಾರ್ರಿ.”

“ವಾರ ಅಲ್ಲೋ, ಹಬ್ಬ!”

“ಮಣ್ಣೆತ್ತಿನ ಅಮಾಸಿ,” ಎಂದಳು ಸಪ್ನಾ ಮೆಲ್ಲಗೆ. ಅಂದವಳೇ ಬಾಯಿಗೆ ಕೈ ಹಿಡಿದಳು.

ನನ್ನ ಬುದ್ಧಿಗೆ ನಾನೇ ಛೀ ಅಂದುಕೊಂಡೆ. ನಿನ್ನೆ ನಾನೂ ಮನೆಯಲ್ಲಿ ಜೋಡಿ ಮಣ್ಣೆತ್ತು ಪೂಜೆ ಮಾಡಿ, ಮೂರು ಹೋಳಿಗೆ ತಿಂದು, ಕಾಲು ಚಾಚಿ ಮಲಗಿದ್ದವಳು. ಇವತ್ತು ಎದ್ದು ಬಂದು ‘ಮಣ್ಣಿನ ಎತ್ತು ಯಾರು ಕದ್ದಿರಬಹುದು’ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಇದಕ್ಕೆ ಪತ್ತೇದಾರಿ ಬೇರೆ ಕೇಡು.

“ಒಂದ ಎತ್ತಿಗಿ ಯಾರಾರ ಪೂಜಿ ಮಾಡ್ತಾರೇನು?” ಎಂದೆ. “ಜೋಡಿ ಬೇಕು. ಇನ್ನೊಂದು ಎಲ್ಲಿಂದ ತಂದಾನ?”

ಸಪ್ನಾ ಎದ್ದು ಗೋಡೆಯ ಬದಿಯ ಟ್ರಂಕಿನ ಕಡೆಗೆ ಓಡಿದಳು. ಬೆಳಕು ಸರಿ ಬೀಳುತ್ತಿದೆಯೇ ಎಂದು ನೋಡಲು ಗುಂಡಪ್ಪನ ಅಳತೆಯದೇ ಇನ್ನೊಂದು ಎತ್ತು ಮಾಡಿಟ್ಟಿದ್ದರಂತೆ. ಅದು ಬರೀ ಗಟ್ಟಿ ಮಣ್ಣು, ಕೈಕಾಲು ಆಡುವುದಿಲ್ಲ. ನಿನ್ನೆಯಿಂದ ಆ ಟ್ರಂಕನ್ನು ಯಾರೂ ತೆರೆದು ನೋಡಿರಲಿಲ್ಲ.

ಟ್ರಂಕು ಖಾಲಿ. ಎತ್ತಿಗೆ ಹೊದಿಸಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಯಲ್ಲಿ ಇಟ್ಟಿತ್ತು. ಕಳ್ಳ ಮರ್ಯಾದಸ್ಥ.

“ಮಂಗಳವಾರ ಮಳಿ ಬಂತಲ್ರಿ,” ಎಂದು ಮಸ್ತಾನಸಾಬ ಶುರುಮಾಡಿದ. “ಕುಂಬಾರರ ಬಂಡ್ಯಾಗಿನ ಎತ್ತೆಲ್ಲಾ ಕೆಸರಾಗಿ ಕುಂತ್ವು. ನಿನ್ನಿ ಹತ್ತು ಗಂಟೇಕ್ಕ ಶಹಾಪುರ ಬಜಾರದಾಗ ಒಂದ ಒಂದು ಎತ್ತು ಇರಲಿಲ್ಲ. ನನ್ನ ಆಟೋದಾಗ ಮೂರು ಮಂದಿ ಬರೇಗೈಲೆ ವಾಪಸ್ ಹೋಗ್ಯಾರ.”

ನಮ್ಮಂಥವರು ಹೊಲದ ಮಣ್ಣು ತಂದು ಕೈಗೆ ಬಂದಹಾಗೆ ಮಾಡಿಕೊಂಡೆವು. ನನ್ನವು ಆಡಿನ ಮರಿಗಳ ಹಾಗೆ ಕಂಡವು, ಅದಿರಲಿ. ಮಣ್ಣು ಕಲಸಲು ಬಾರದವರು ಏನು ಮಾಡಬೇಕು? ಹೊಟ್ಟೆ ಇದ್ದವರು, ಬೀಗ ಹಾಕಿದ ಗೋದಾಮಿನ ಇನ್ನೊಂದು ಕೀಲಿ ಇದ್ದವರು, ಟ್ರಂಕಿನಲ್ಲಿ ಏನಿದೆ ಎಂದು ಗೊತ್ತಿದ್ದವರು? ಜೋರಾಗಿಯೇ ಕೇಳಿದೆ.

“ಲಿಂಗಣ್ಣ ಸಾವ್ಕಾರ್ರ?” ಎಂದಳು ಸಪ್ನಾ. “ಏ, ಇಲ್ಲ ಅಕ್ಕಾರ. ಗೋದಾಮು ಅವರದ. ಭಾಳ ಚಲೋ ಮನಷ್ಯಾರು. ದಿನಾ ಹನ್ನೆರಡಕ್ಕ ಬಂದು ಕೋಳಿ ನೋಡಿ ನಕ್ಕು ಹೋಗ್ತಾರ.”

“ನಿನ್ನಿ ಬಂದಿದ್ರೇನು?”

ಅವಳು ಟ್ರಂಕಿನ ಮುಚ್ಚಳ ಹಾಕಿ ಚಪ್ಪಲಿ ಮೆಟ್ಟಿದಳು.

* * *

ಲಿಂಗಣ್ಣ ಸಾಹುಕಾರರ ಮನೆ ಊರ ಅಂಚಿನಲ್ಲಿ, ಹಿಂದೆಯೇ ಅವರ ಹೊಲ ಮತ್ತು ಭಾವಿ. ಹತ್ತಿ ವ್ಯಾಪಾರದ ಮನೆತನ, ಹಣೆಯ ಮೇಲೆ ದಿನವೂ ತಪ್ಪದ ವಿಭೂತಿ. ಸಪ್ನಾ, ಕಾಂತೇಶ, ಮಸ್ತಾನಸಾಬರ ಜೊತೆ ನಾನು ಹೋದಾಗ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ನನ್ನನ್ನು ಕಂಡವರೇ ಪತ್ರಿಕೆಯನ್ನು ಇನ್ನೂ ಒಂದು ಗೇಣು ಮೇಲೆತ್ತಿದರು. ಹೊಟ್ಟೆ ಮಾತ್ರ ಪತ್ರಿಕೆ ಮುಚ್ಚುವಷ್ಟು ಸಣ್ಣದಾಗಿರಲಿಲ್ಲ.

ಅವರ ಹೆಂಡತಿ ಬಸವೇಶ್ವರಿ ನಾವು ಕೂರುವುದಕ್ಕೂ ಮೊದಲೇ ನಿನ್ನೆಯ ಹೋಳಿಗೆ ಬಿಸಿ ಮಾಡಿ ತಂದರು, ಮೇಲೆ ತುಪ್ಪ. ಬೇಡ ಅನ್ನುವುದು ಪೊಲೀಸರಿಗೆ ಶೋಭಿಸುವುದಿಲ್ಲ, ನಿವೃತ್ತರಿಗಂತೂ ಅಲ್ಲವೇ ಅಲ್ಲ.

ಗಂಡಸನ್ನು ಬಾಯಿಬಿಡಿಸಬೇಕಾದರೆ ಅವನನ್ನು ಕೇಳಬಾರದು, ಹೆಂಡತಿಯನ್ನು ಹೊಗಳಬೇಕು. ಇದು ನನಗೆ ಖಾತೆ ಕಲಿಸಿದ್ದಲ್ಲ, ನನ್ನ ಸ್ವಂತ ಅನುಭವ.

“ಬಸವೇಶ್ವರಿಬಾಯಾರ, ಈ ವರ್ಸ ನಿಮ್ಮ ಮನಿ ಎತ್ತು ಭಾಳ ಚಂದ ಇದ್ವಂತಲ್ಲ. ಊರಾಗೆಲ್ಲಾ ಅದ ಮಾತು.”

“ಏನ್ ಹೇಳ್ಲಿ ಬಾಯಾರ!” ಆಕೆ ನೆಲಕ್ಕೆ ಕೂತೇ ಬಿಟ್ಟರು. “ನಾ ಈ ಮನಿಗಿ ಬಂದು ನಲವತ್ತೊಂದು ವರ್ಸ ಆತು, ಅಂಥಾ ಎತ್ತು ನೋಡಿಲ್ಲ. ಕಣ್ಣಿಗಿ ರೆಪ್ಪಿ ಸೈತ ಇದ್ವು! ನಮ್ಮೋರು ಸುರಪುರಕ್ಕ ಹೋಗಿ ಕುಂಬಾರನ ಮುಂದ ಕುಂತು ಮಾಡಿಸ್ಕೊಂಡು ಬಂದಾರ.”

ಪತ್ರಿಕೆಯ ಪುಟ ತಿರುಗಿತು.

“ಹೌದೇನ್ರಿ ಸಾವ್ಕಾರ್ರ? ಯಾವಾಗ ಹೋಗಿದ್ರಿ?”

“ನಿನ್ನಿ... ಮುಂಜಾನಿ,” ಎಂದಿತು ಪತ್ರಿಕೆ.

“ಯಾವ ಗಾಡಿಲೆ ಹೋಗಿದ್ರಿ?” ಎಂದು ಮಸ್ತಾನಸಾಬ ಹೋಳಿಗೆ ಬಾಯಲ್ಲಿಟ್ಟುಕೊಂಡೇ ಕೇಳಿದ. “ನಿಮ್ಮ ಕಾರು ನಿನ್ನಿ ದಿನಪೂರ್ತಿ ಗ್ಯಾರೇಜಿನಾಗ ನಿಂತಿತ್ತಲ್ಲ. ನಾ ನೋಡೀನಿ. ಗಾಲಿ ಇರಲಿಲ್ಲರಿ ಅದಕ್ಕ.”

“ಬಸ್ಸಿಗೆ ಹೋಗಿದ್ದೆ.”

ಬಸವೇಶ್ವರಿ ನಿಧಾನವಾಗಿ ಗಂಡನ ಕಡೆಗೆ ತಿರುಗಿದರು. “ನೀವು? ಬಸ್ಸಿಗೆ? ನಮ್ಮ ಲಗ್ನಕ್ಕ ಸೈತ ನೀವು ಬಸ್ ಹತ್ತಿಲ್ಲ.”

ನಾನು ತುಪ್ಪ ಒರೆಸಿಕೊಂಡು ಇನ್ನೊಂದು ಹೋಳಿಗೆ ಎತ್ತಿಕೊಂಡೆ. ಇಂಥ ಹೊತ್ತಿನಲ್ಲಿ ನಾವು ಮಾತಾಡಿ ಕೆಲಸ ಕೆಡಿಸಬಾರದು.

“ಇರ್ಲಿ ಬಿಡ್ರಿ,” ಎಂದು ಆಕೆಯೇ ಮುಂದುವರಿಸಿದರು, ದನಿ ಸ್ವಲ್ಪ ಬದಲಾಗಿತ್ತು. “ಒಂದ ಕೊರತಿ ಇತ್ತು ಬಾಯಾರ. ಒಂದಕ್ಕ ಬಾಯೇ ಇರಲಿಲ್ಲ. ಇಷ್ಟು ಚಂದ ರೆಪ್ಪಿ ಮಾಡಿದಂವ ಬಾಯಿ ಹೆಂಗ ಮರತ್ನೋ. ಬಾಯಿಲ್ಲದ ಎತ್ತಿಗಿ ಎಡಿ ಹೆಂಗ ತೋರಸೋದು ಅಂತ ನಾನ ಕುಂಕುಮದಾಗ ಒಂದು ಬಾಯಿ ತಿದ್ದಿ ಕಡಬು ತಿನಿಸಿದ್ನಿ.”

ನಾನು ಜೊತೆಗೆ ತಂದಿದ್ದ ಪೇಡೆಯ ಡಬ್ಬಿಯನ್ನು ಆಕೆಯ ಮುಂದಿಟ್ಟು ಮುಚ್ಚಳ ತೆಗೆದೆ.

ಬಸವೇಶ್ವರಿ ಹನ್ನೊಂದು ಬಾಯಿಗಳನ್ನು ನೋಡಿದರು. ಗಂಡನನ್ನು ನೋಡಿದರು. ಸಪ್ನಾಳನ್ನು ನೋಡಿದರು. ಎಲ್ಲ ತಿಳಿಯಿತು.

“ಪೇಪರ್ ಕೆಳಗಿಡ್ರಿ,” ಎಂದರು.

ಲಿಂಗಣ್ಣ ಪತ್ರಿಕೆ ಕೆಳಗಿಟ್ಟರು. ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿತ್ತು.

“ನಲವತ್ತೊಂದು ವರ್ಸದಾಗ ಒಂದ ಸಲ ಮರತೀನಿ, ಗೊಲ್ಲಾಳಮ್ಮಾರ,” ಎಂದರು. “ಇಕಿ ಹೂರಣ ರುಬ್ಬಾಕತ್ತಿದ್ಲು. ಎತ್ತು ತಂದ್ರೇನು ಅಂದ್ಲು. ತಂದೀನಿ ಅಂದೆ, ಅಂದುಬಿಟ್ಟೆ. ಬಜಾರಕ್ಕ ಹೋದ್ರ ಒಂದೂ ಇಲ್ಲ. ಇಲ್ಲ ಅಂತ ಬಂದು ಹೇಳೋ ಧೈರ್ಯ ನನಗಿಲ್ಲ. ಆಮ್ಯಾಲ ನೆನಪಾತು, ನನ್ನ ಗೋದಾಮಿನಾಗ ಜೋಡಿ ಎತ್ತು ಸುಮ್ಮ ನಿಂತಾವಲ್ಲ ಅಂತ.”

“ಸುಮ್ಮ ನಿಂತಿರಲಿಲ್ರಿ, ಅವ ಕೆಲಸದ ಮ್ಯಾಲಿದ್ದ!” ಎಂದು ಸಪ್ನಾ ಕೂಗಿದಳು.

“ಪೂಜಿ ಮುಗಿಸಿ ವಾಪಸ್ ಇಡೂಣು ಅಂತ ಮಾಡಿದ್ನಿ ಯವ್ವಾ. ಆ ಶಿವನಾಣೆ.”

“ಮತ್ತ ಯಾಕ ಇಡಲಿಲ್ಲ?”

ಅವರು ಹೆಂಡತಿಯ ಕಡೆ ನೋಡಿದರು. ಈಗ ಬಸವೇಶ್ವರಿ ತಲೆಯ ಸೆರಗು ಎಳೆದುಕೊಂಡರು.

“ಪೂಜಿ ಆದ ಎತ್ತು ಮನ್ಯಾಗ ಇಟ್ಕೋತಾರೇನ್ರಿ? ಇವತ್ತ ಮುಂಜಾನಿ ನಾನ ಹೋಗಿ ಭಾವಿಗಿ ಬಿಟ್ಟು ಬಂದೆ. ಇವರು ಬ್ಯಾಡ ಬ್ಯಾಡ ಅಂತ ಹಿಂದಿಂದ ಓಡಿ ಬಂದ್ರು. ಎತ್ತಿನ ಮ್ಯಾಲ ಏನ್ ಮಾಯಾ ಅದ ನಮ್ಮೋರಿಗಿ ಅಂತ ನಾ ಕಣ್ಣೀರ ಹಾಕೀನಿ!”

ಸಪ್ನಾ ಗೋಡೆಗೆ ಒರಗಿ ಕುಸಿದಳು. “ಕರಗಿ ಹೋಗಿರ್ತಾನ,” ಎಂದಳು. ಹಾಳಾದ್ದು, ಗೇಣುದ್ದದ ಗೊಂಬೆಗಾಗಿ ನನಗೂ ಯಾಕೆ ಇಷ್ಟು ಸಂಕಟವಾಗಬೇಕೋ ತಿಳಿಯಲಿಲ್ಲ.

ಆದರೂ ಕೇಳಿದೆ. “ಎಂಥಾ ಮಣ್ಣದು? ಕೆರಿ ಮಣ್ಣೇನು?”

“ಅಲ್ಲ ಅಕ್ಕಾರ, ಎಣ್ಣಿ ಹಾಕಿ ನಾದಿದ...” ಎಂದವಳು ಅಲ್ಲಿಗೇ ನಿಂತಳು. ಎದ್ದು ಕೂತಳು. “ಎಣ್ಣಿ ಮಣ್ಣು! ಅದು ನೀರಾಗ ಕರಗಂಗಿಲ್ಲ!”

“ಬಣ್ಣ ಹೋಗಿರ್ತದ ಬಿಡ್ರಿ,” ಎಂದ ಕಾಂತೇಶ ಬಾಗಿಲಲ್ಲಿ ನಿಂತು. “ಈಗ ಹೋಗಿ ಏನ್ ಮಾಡೋದು.”

ಅವನ ಮಾತನ್ನು ಯಾರು ಕೇಳುತ್ತಾರೆ? ಎಲ್ಲರೂ ಹಿತ್ತಲಿಗೆ ಓಡಿದೆವು. ನನ್ನ ಮೊಣಕಾಲು ಬೇಡವೆಂದು ಹೇಳುತ್ತಲೇ ಇತ್ತು. ಲಿಂಗಣ್ಣ ಪಂಚೆ ಎತ್ತಿ ಕಟ್ಟಿ ನನಗಿಂತ ಮುಂದೆ ಹೋದರು.

ಕಲ್ಲು ಮೆಟ್ಟಿಲಿನ ಭಾವಿ, ನೀರು ಹತ್ತು ಮೆಟ್ಟಿಲು ಕೆಳಗಿತ್ತು. ಓಣಿಯವರೆಲ್ಲ ತಂದು ಬಿಟ್ಟ ಎತ್ತುಗಳು ನೀರಿನ ಅಂಚಿನ ಮೆಟ್ಟಿಲ ಮೇಲೆ ಕೆಸರಾಗಿದ್ದವು. ಕೆಸರಿನಲ್ಲಿ ಹೂವು, ಜೋಳದ ಕಾಳು, ಒಂದೆರಡು ಕೊಂಬು.

“ಅಗೋ!” ಎಂದು ಸಪ್ನಾ ಕಿರುಚಿದಳು.

ನಡುಭಾವಿಯಲ್ಲಿ ಎತ್ತೊಂದು ಅಂಗಾತ ತೇಲುತ್ತಿತ್ತು, ನಾಲ್ಕೂ ಕಾಲು ಮೇಲೆ. ಮುಖದ ಮೇಲೆ ಕುಂಕುಮದ ಬಾಯಿ ಇನ್ನೂ ಅಳಿಸಿರಲಿಲ್ಲ.

ಮಸ್ತಾನಸಾಬ ಅಂಗಿ ಬಿಚ್ಚಿ ಇಳಿದ. ಎದೆಮಟ್ಟದ ನೀರಿನಲ್ಲಿ ಕೈಚಾಚಿ ಅದನ್ನು ಹಿಡಿದು, ಮೇಲೆ ಬಂದು ನನ್ನ ಕೈಗಿಟ್ಟ. “ಜೋಡಿದು ತಳದಾಗ ಅದ್ರಿ. ಕಾಲಿಗಿ ತಾಗಿತು. ಅದನ್ನೂ ತರ್ತೀನಿ,” ಎಂದು ಮತ್ತೆ ಇಳಿದ.

ಬಸವೇಶ್ವರಿ ಕೈಮುಗಿದರು. ಲಿಂಗಣ್ಣ ಉಸಿರುಬಿಟ್ಟರು. ಎರಡು ದಿನ ಕೈಯಲ್ಲಿದೆ, ಒಂಬತ್ತು ಸೆಕೆಂಡಿನ ನಗು ಮುಗಿಸಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಕಚೇರಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸುವ ವಿಚಾರವೂ ಬಂದು ಹೋಯಿತು, ಸುಳ್ಳು ಯಾಕೆ ಹೇಳಲಿ.

ಸಪ್ನಾ ಮಾತ್ರ ನಗಲಿಲ್ಲ. ನನ್ನ ಕೈಯಲ್ಲಿದ್ದ ಎತ್ತನ್ನೇ ನೋಡುತ್ತಿದ್ದಳು.

“ಅಕ್ಕಾರ, ಇವ ತೇಲಬಾರ್ದು,” ಎಂದಳು. “ಗುಂಡಪ್ಪನ ಮೈಯಾಗ ಉಕ್ಕಿನ ಎಲುಬು ಅದಾವ. ಕಾಲು ಕತ್ತು ಆಡಬೇಕಲ್ಲ, ಅದಕ್ಕ. ಕಲ್ಲು ಮುಳುಗಿದಂಗ ಮುಳುಗಬೇಕು ಇವ.”

ಎತ್ತು ಹಗುರವಾಗಿತ್ತು, ನಿಜ. ಹೊಟ್ಟೆಯನ್ನು ಉಗುರಿನಿಂದ ಗೀರಿದೆ. ತೆಳು ಮಣ್ಣಿನ ಪದರು ಕಿತ್ತು ಬಂತು. ಒಳಗಿನಿಂದ ಬಿಳಿ ಬಿಳಿ ಗುಂಡು ಕಾಳು ಉದುರಿದವು.

ಥರ್ಮಾಕೋಲ್.

“ಅಂದ್ರ ನಾ ಕದ್ದಿದ್ದು ಅಸಲಿ ಎತ್ತು ಅಲ್ಲ!” ಎಂದು ಲಿಂಗಣ್ಣ ಹಿಗ್ಗಿದರು.

“ಅಂದ್ರ ನಾ ಕಡಬು ತಿನಿಸಿದ್ದು ಥರ್ಮಾಕೋಲಿಗಿ?” ಎಂದರು ಬಸವೇಶ್ವರಿ. ಲಿಂಗಣ್ಣನ ಹಿಗ್ಗು ಅಲ್ಲಿಗೇ ಇಳಿಯಿತು.

ನಾನು ಕಾಂತೇಶನ ಕಡೆ ತಿರುಗಿದೆ. ಭಾವಿಯ ಕಟ್ಟೆಯ ಹತ್ತಿರ ಒಬ್ಬನೇ ನಿಂತಿದ್ದ. ಉಗುರು ಕಚ್ಚುತ್ತಿರಲಿಲ್ಲ. ಕಚ್ಚಲು ಉಳಿದಿರಲಿಲ್ಲವೋ ಏನೋ.

“ಕಾಂತೇಶ, ಹದಿನಾಕು ತಿಂಗಳು ಆ ಎತ್ತನ್ನ ದಿನಾ ಮುಟ್ಟೀದಿ. ನಿನ್ನಿ ಮುಂಜಾನಿ ಇಪ್ಪತ್ನಾಕು ಫೋಟೋ ತಗದೀದಿ. ಒಳಗ ಎಲುಬಿಲ್ಲ ಅನ್ನೋದು ನಿನ್ನ ಬೆರಳಿಗಿ ತಿಳೀಲಿಲ್ಲೇನು?”

“ತಿಳದಿತ್ರಿ.”

“ಮತ್ತ?”

“ನಾನ ಮಾಡಿಟ್ಟಿದ್ನಿ ಇದನ್ನ. ಎತ್ತು ಬರೇ ನಿಲ್ಲೋ ಫೋಟೋ ಇದ್ವು, ನಡೀತದ ಅಂತ.” ಅವನು ಸಪ್ನಾಳನ್ನು ನೋಡಲು ಹೋಗಿ ನೆಲ ನೋಡಿದ. “ಅಕ್ಕಾ, ಗುಂಡಪ್ಪ ಸೋಮವಾರನ ಸತ್ತಾನ. ಎಲುಬೆಲ್ಲಾ ಪುಡಿ ಪುಡಿ ಆಗ್ಯಾವ. ನಿನಗ ಹೇಳೋ ಧೈರ್ಯ ಆಗಲಿಲ್ಲ.”

ಸಪ್ನಾಳ ಮುಖ ನೋಡಲು ನನ್ನಿಂದಾಗಲಿಲ್ಲ. ಹದಿನಾಲ್ಕು ತಿಂಗಳು ಆ ಮುಖದಲ್ಲಿ ಒಮ್ಮೆಗೇ ಬಂದು ಕೂತವು.

“ಯಾರು ಮಾಡಿದ್ರು?” ಎಂದಳು. “ನೀನೇನು?”

“ನಾ ಅಲ್ಲ ಅಕ್ಕಾ. ನಾ ಮುಚ್ಚಿಟ್ಟೀನಿ, ಅಷ್ಟ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ.”

“ಯಾರೋ ಅಂವ?” ಎಂದು ನಾನು ಗುಡುಗಿದೆ.

ಕಾಂತೇಶ ನನ್ನನ್ನು ನೋಡಲಿಲ್ಲ, ಲಿಂಗಣ್ಣನನ್ನು ನೋಡಲಿಲ್ಲ. ಬಗ್ಗಿ ಭಾವಿಯೊಳಗೆ ನೋಡಿದ.

ನಾನೂ ಬಗ್ಗಿದೆ. ಮಸ್ತಾನಸಾಬ ಎದೆಮಟ್ಟದ ನೀರಿನಲ್ಲಿ ನಿಂತು ಮೇಲೆ ನೋಡುತ್ತಿದ್ದ. ಎಲ್ಲ ಕೇಳಿಸಿತ್ತು ಅವನಿಗೆ. ಯಾವ ಸಲಹೆಯನ್ನೂ ಕೊಡಲಿಲ್ಲ.

“ಮಸ್ತಾನಾ,” ಎಂದೆ, “ಮ್ಯಾಲ ಬಾ.”

ಅವನು ಇನ್ನೊಂದು ಮೆಟ್ಟಿಲು ಕೆಳಗಿಳಿದ. ನೀರು ಗದ್ದದ ತನಕ ಬಂತು.